ಬಿಸಿಲು ಹಿಡಿಯದ ಗೆರೆ

ಹುಲ್ಲು ಕೊಯ್ಯುವ ಕಾಲಕ್ಕೆ ಉತ್ತರದ ಚಳಿನಾಡಿನ ಆ ಕೊಲ್ಲಿಯ ದಂಡೆಯ ಹೆಂಗಸರೆಲ್ಲ ಎರಡು ತುಂಡಿನ ಈಜುಡುಗೆಯಲ್ಲೇ ಹೊಲಕ್ಕೆ ಇಳಿಯುತ್ತಿದ್ದರು. ಅದರಲ್ಲಿ ಯಾರಿಗೂ ನಾಚಿಕೆ ಎನಿಸುತ್ತಿರಲಿಲ್ಲ. ವರ್ಷದ ಮುಕ್ಕಾಲು ಪಾಲು ಉಣ್ಣೆಯೊಳಗೇ ಕಳೆಯುವ ಮೈ. ಚಳಿಗಾಲದಲ್ಲಂತೂ ಎದುರು ಬೆಟ್ಟ ಅಡ್ಡ ಬಂದು ಸೂರ್ಯ ಅಂಗಳಕ್ಕೆ ಹಣಕಿಯೂ ನೋಡುವುದಿಲ್ಲ. ಹಾಗಾಗಿ ಜುಲೈ ತಿಂಗಳಲ್ಲಿ ಸಿಕ್ಕಷ್ಟು ಬಿಸಿಲನ್ನು ಹುಲ್ಲಿನ ಜೊತೆಗೇ ಒಳಗೆ ಹಾಕಿಕೊಳ್ಳಬೇಕು. ಹೆಂಗಸಿನ ಬೆನ್ನು ಎಷ್ಟು ಕಂದಾಗಿದೆ ಎಂದು ನೋಡಿ ಅವಳ ಮನೆಯ ಹುಲ್ಲು ಎಷ್ಟು ಮುಗಿದಿದೆ ಎಂದು ಹೇಳಿಬಿಡುತ್ತಿದ್ದರು. ಬಿಳಿಚಿಕೊಂಡವಳು ಎಂದರೆ ಒಂದೋ ರೋಗಿಷ್ಠೆ, ಇಲ್ಲವೇ ಮೈಗಳ್ಳಿ. ಕೆಮ್ಮಿಗೆ ಬಿಸಿಲು, ಮೊಡವೆಗೆ ಬಿಸಿಲು, ಕೀಲುನೋವಿಗೆ ಬಿಸಿಲು, ಹಡೆದು ಎದ್ದ ಸುಸ್ತಿಗೂ ಬಿಸಿಲೇ ಮದ್ದು. ಬಿಸಿಲಿನಿಂದ ಕೆಡುಕಾದೀತು ಎಂದರೆ ಅಲ್ಲಿಯ ಜನ ನಗುತ್ತಿದ್ದರು.

ರಾಗ್ನಾ ಒಬ್ಬಳು ಮಾತ್ರ ಗಂಡನ ಹಳೆಯ ಪಟ್ಟೆಪಟ್ಟೆ ಅಂಗಿಯನ್ನು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಹುಲ್ಲು ಬಾಚುತ್ತಿದ್ದಳು. ಬೆವರಿನಿಂದ ಅಂಗಿ ಬೆನ್ನಿಗೆ ಅಂಟಿ, ಒಣಗಿ, ಮತ್ತೆ ಅಂಟುತ್ತಿತ್ತು. ಅವಳ ಮುಖ ಕಂದು, ಮುಂಗೈ ಕಂದು, ನಡುವಿನದೆಲ್ಲ ಕೆನೆಹಾಲಿನ ಬಣ್ಣ. ಹಾವಿನ ದ್ವೇಷ ಹನ್ನೆರಡು ವರ್ಷ ಎನ್ನುತ್ತಾರೆ. ರಾಗ್ನಾಳ ದ್ವೇಷ ಆ ಅಂಗಿಯ ಒಳಗೆ ಬೆಚ್ಚಗೆ ಸುರುಳಿ ಸುತ್ತಿಕೊಂಡು ಮಲಗಿತ್ತು, ಅದಕ್ಕೆ ವಯಸ್ಸಾಗಿರಲಿಲ್ಲ.

ಅದು ಶುರುವಾದದ್ದು ಅವಳು ಅವಳಿ ಮಕ್ಕಳನ್ನು ಹೆತ್ತ ಮಾರನೆಯ ಬೇಸಿಗೆಯಲ್ಲಿ. ಎರಡೂ ಗಂಡು, ಎರಡೂ ದೊಡ್ಡ ಮಕ್ಕಳು. ಅವಳ ಹೊಟ್ಟೆ ಎಷ್ಟು ಹಿಗ್ಗಿತ್ತೆಂದರೆ ಕಡೆಯ ತಿಂಗಳಲ್ಲಿ ಹಾಲು ಕರೆಯುವ ಸ್ಟೂಲಿನ ಮೇಲೆ ಕೂತರೆ ಹಸುವಿನ ಕೆಚ್ಚಲು ಕೈಗೆ ಎಟಕುತ್ತಿರಲಿಲ್ಲ. ಹೆತ್ತ ಮೇಲೆ ಹೊಕ್ಕುಳಿನಿಂದ ತೊಡೆಯ ಸಂದಿಯವರೆಗೆ ಕೆಂಪು ಗೆರೆಗಳು ಉಳಿದವು, ಕವಲೊಡೆದು, ಮತ್ತೆ ಕವಲೊಡೆದು. ಅವಳು ಅದನ್ನು ದೊಡ್ಡದು ಮಾಡಿಕೊಳ್ಳಲಿಲ್ಲ. ಎಲ್ಲರ ಹಾಗೆ ಈಜುಡುಗೆ ತೊಟ್ಟು ಹೊಲಕ್ಕೆ ಬಂದಳು.

ಗಂಡ ಅಸ್ಲಾಕನ ತಂಗಿ ಯೋರುನ್ ಆಗ ಪಟ್ಟಣದ ಸುಗಂಧದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹುಲ್ಲಿನ ದಿನಗಳಿಗೆ ಊರಿಗೆ ಬಂದಿದ್ದಳು. ಎಣ್ಣೆ ಹಚ್ಚಿದ ಮೈ, ಚಪ್ಪಟೆ ಹೊಟ್ಟೆ, ಹೊಲದ ನಡುವೆ ಬಾಚುಗೋಲಿಗೆ ಒರಗಿ ನಿಂತುಕೊಂಡೇ ಅರ್ಧ ದಿನ ಕಳೆಯುವ ಹುಡುಗಿ. ಕಾಫಿಗೆಂದು ಎಲ್ಲರೂ ಹುಲ್ಲಿನ ಮೇಲೆ ಕೂತಿದ್ದಾಗ ಅವಳ ಕಣ್ಣು ರಾಗ್ನಾಳ ಹೊಟ್ಟೆಯ ಮೇಲೆ ಬಿತ್ತು.

"ಅಸ್ಲಾಕ್, ಇನ್ನು ಮೀನು ಹಿಡಿಯೋಕೆ ಹೋಗುವಾಗ ನಿನಗೆ ಕಡಲ ನಕ್ಷೆ ಬೇಕಾಗಲ್ಲ ಬಿಡು," ಎಂದಳು. "ಹೆಂಡ್ತಿ ಹೊಟ್ಟೆ ಮೇಲೇ ಕೊಲ್ಲಿ ಪೂರ್ತಿ ಬರೆದಿದೆಯಲ್ಲ. ನೋಡು, ಇದು ನಮ್ಮ ದೋಣಿಮನೆ, ಇದು ಇಗರ್ಜಿ ಹತ್ರದ ತಿರುವು."

ಬೆರಳು ಇಟ್ಟು ತೋರಿಸಿದಳು. ಬೆರಳು ತಣ್ಣಗಿತ್ತು, ಅದನ್ನು ರಾಗ್ನಾ ಮರೆಯಲಿಲ್ಲ. ಪಕ್ಕದ ಮನೆಯ ಹಾಲ್ವೋರ್ ಕಾಫಿ ನೆತ್ತಿಗೇರುವಷ್ಟು ನಕ್ಕ. ಅಸ್ಲಾಕನೂ ನಕ್ಕ. ಆ ನಗು ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಆದರೆ ಹಾಲ್ವೋರ್ ಯಾವ ಮಾತನ್ನೂ ಹಾಳಾಗಲು ಬಿಡುವವನಲ್ಲ. ಅವತ್ತಿನಿಂದ ರಾಗ್ನಾ ಆ ದಂಡೆಗೆಲ್ಲ 'ನಕ್ಷೆ'ಯಾದಳು. ಹಾಲಿನ ಕ್ಯಾನು ಇಡುವ ಕಟ್ಟೆಯ ಹತ್ತಿರ ಗಂಡಸರು ಅಸ್ಲಾಕನನ್ನು, "ಏನೋ, ರಾತ್ರಿ ಯಾವ ಕೊಲ್ಲೀಲಿ ಬಲೆ ಹಾಕಿದ್ದೆ?" ಎಂದು ಕೇಳುತ್ತಿದ್ದರು. ಅಂಗಡಿಯವನು ಸಾಮಾನು ಕಟ್ಟುವಾಗ, "ಇದು ನಕ್ಷೆಯವರ ಮನೇದು," ಎಂದು ಪಕ್ಕಕ್ಕೆ ಇಡುತ್ತಿದ್ದ. ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಅವರೂ ನಕ್ಷೆಯ ಮಕ್ಕಳಾದರು.

ಆ ಮೊದಲ ಬೇಸಿಗೆಯೇ ರಾಗ್ನಾ ಗೆರೆಗಳನ್ನು ಅಳಿಸಲು ನೋಡಿದ್ದಳು. ಅಲ್ಲಿಯವರು ಯಾರಾದರೂ ಮಾಡುವುದನ್ನೇ ಅವಳೂ ಮಾಡಿದಳು, ಬಿಸಿಲಿಗೆ ಮಲಗಿದಳು. ದೋಣಿಮನೆಯ ಹಿಂದೆ, ಯಾರಿಗೂ ಕಾಣದ ಬಂಡೆಯ ಮೇಲೆ, ಮಕ್ಕಳು ನಿದ್ದೆ ಹೋದಾಗಲೆಲ್ಲ. ಸುತ್ತಲಿನ ಚರ್ಮ ಬೆಂದ ಬ್ರೆಡ್ಡಿನ ಬಣ್ಣಕ್ಕೆ ತಿರುಗಿತು. ಗೆರೆಗಳು ಮಾತ್ರ ತಿರುಗಲಿಲ್ಲ. ಕೆಲವು ಬಿಳಿಚಿ ನಿಂತವು, ಇನ್ನೂ ಹಸಿಯಾಗಿದ್ದಂಥವು ಕಪ್ಪಿಟ್ಟವು. ಮೊದಲು ಹತ್ತಿರದಿಂದ ಕಾಣುತ್ತಿದ್ದದ್ದು ಈಗ ದೂರದಿಂದ ಕಾಣತೊಡಗಿತು.

ಮಕ್ಕಳ ತೂಕ ನೋಡಲು ಬಂದ ಸೂಲಗಿತ್ತಿ ಅದನ್ನು ಕಂಡು ಬೈದಿದ್ದಳು. "ಯಾರು ಹೇಳಿದ್ರು ನಿನಗೆ ಬಿಸಿಲಿಗೆ ಹಾಕು ಅಂತ? ಚರ್ಮ ಒಳಗಿಂದ ಹರಿದು ಕೂಡಿಕೊಂಡಿರೋ ಗಾಯ ಇದು. ಗಾಯದ ಕಲೆ ಬಿಸಿಲು ಹಿಡಿಯಲ್ಲ ಕಣಮ್ಮ, ಸುತ್ತ ಇರೋದು ಹಿಡೀತದೆ. ಬಟ್ಟೆ ಮುಚ್ಚು. ಜಿಡ್ಡು ಏನಾದ್ರೂ ಸವರು, ತುರಿಕೆ ನಿಲ್ತದೆ. ಪೂರ್ತಿ ಹೋಗಲ್ಲ, ಆದ್ರೆ ಒಂದೆರಡು ವರ್ಷಕ್ಕೆ ಕೆಂಪು ತಾನೇ ಇಳೀತದೆ."

ಜಿಡ್ಡು ಎಂದರೆ ಮನೆಯಲ್ಲಿ ಇದ್ದದ್ದು ಕೊಟ್ಟಿಗೆಯ ಕೆಚ್ಚಲ ಮುಲಾಮು, ಹಳದಿ ತಗಡಿನ ಡಬ್ಬಿ. ಹಸುಗಳ ಮೊಲೆತೊಟ್ಟು ಒಡೆಯದಿರಲು ಸವರುವುದು. ಸಂಜೆ ಹಾಲು ಕರೆದಾದ ಮೇಲೆ ಹಸುಗಳಿಗೆ ಒಂದು ಬೆರಳು, ತನಗೆ ಒಂದು ಬೆರಳು. ಹೀಗೆ ಅಂಗಿ, ಮುಲಾಮು, ಮೌನ, ಇವು ಮೂರೂ ವರ್ಷಗಟ್ಟಲೆ ನಡೆದು ಗೆರೆಗಳು ಮಾಸಿ, ಬಿಳಿ ಚರ್ಮದ ಮೇಲಿನ ಬಿಳಿ ಎಳೆಗಳಾದವು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿದ್ದವು. ಹೆಸರು ಮಾತ್ರ ಮಾಸಲಿಲ್ಲ.

ಈ ಸಲ ಯೋರುನ್ ಬಂದದ್ದು ಕೈಗೂಸಿನ ಜೊತೆ. ಗಂಡ ಹಡಗಿನ ಅಧಿಕಾರಿ, ಮಗು ಹುಟ್ಟುವ ಮೊದಲೇ ದೂರದ ಕಡಲಿಗೆ ಹೋಗಿದ್ದ, ಹುಲ್ಲು ಮುಗಿಯುವ ಹೊತ್ತಿಗೆ ಬರುವವನು. ಅಲ್ಲಿಯವರೆಗೆ ತವರಿನಲ್ಲಿರಲು ಬಂದಿದ್ದಳು. ಮೊದಲ ದಿನವೇ ರಾಗ್ನಾ ಗಮನಿಸಿದಳು: ಯೋರುನ್ ಸಡಿಲ ನಿಲುವಂಗಿ ಬಿಟ್ಟು ಬೇರೇನೂ ತೊಡುತ್ತಿರಲಿಲ್ಲ. ಕೊಲ್ಲಿಗೆ ಈಜಲು ಇಳಿಯಲಿಲ್ಲ. ಮಗುವನ್ನು ತನ್ನ ತಾಯಿಯ, ಅಂದರೆ ರಾಗ್ನಾಳ ಅತ್ತೆಯ, ಮಡಿಲಿಗೆ ಹಾಕಿ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳು.

ಒಂದು ಸಂಜೆ ಹಾಲು ಕರೆಯುವಾಗ ಅವಳು ಕೊಟ್ಟಿಗೆಗೆ ಬಂದಳು. ಮೂಗು ಮುಚ್ಚಿಕೊಳ್ಳದೆ ಬಂದದ್ದು ಅದೇ ಮೊದಲು.

"ರಾಗ್ನಾ, ನಿನ್ನ ಹತ್ರ ಒಂದು ಕೇಳಬೇಕು. ನಗಬಾರದು."

"ಹಸು ಬೆಚ್ಚುತ್ತೆ, ಮೆಲ್ಲಗೆ ಮಾತಾಡು."

ಯೋರುನ್ ಬಾಗಿಲ ಕಡೆ ನೋಡಿ ನಿಲುವಂಗಿ ಎತ್ತಿದಳು. ರಾಗ್ನಾ ಕರೆಯುತ್ತಿದ್ದ ಕೈ ನಿಲ್ಲಿಸಲಿಲ್ಲ, ಆದರೆ ನೋಡಿದಳು. ಕೆಂಪು, ನೇರಳೆ, ಅಗಲವಾದ ಗೆರೆಗಳು ಹೊಕ್ಕುಳಿನ ಎರಡೂ ಕಡೆಗೆ ಬೆಂಕಿಯ ನಾಲಿಗೆಗಳ ಹಾಗೆ ಏರಿದ್ದವು. ತನ್ನದಕ್ಕಿಂತ ಹೆಚ್ಚು. ಬಕೆಟ್ಟಿಗೆ ಹಾಲು ಒಂದೇ ಸಮ ಬೀಳುತ್ತಿತ್ತು.

"ಅವನು ಹೋಗುವಾಗ ನಾನು ಹೀಗಿರಲಿಲ್ಲ," ಎಂದಳು ಯೋರುನ್. ದನಿ ಸಣ್ಣದಾಗಿತ್ತು. "ಅಂಗಡೀಲಿದ್ದ ಕ್ರೀಮೆಲ್ಲ ಹಚ್ಚಿದೆ. ಏನೂ ಆಗಲಿಲ್ಲ. ನಿನಗೂ ಇತ್ತು ಅಲ್ವ? ಅವಳಿ ಹುಟ್ಟಿದಾಗ? ಈಗ ಹೋಗಿದೆ ಅಂತ ಅಮ್ಮ ಹೇಳ್ತಿದ್ಲು. ಏನು ಮಾಡಿದೆ?"

ಕೇಳಿದ ರೀತಿ ಹೇಗಿತ್ತೆಂದರೆ, ಕಾಫಿಯ ಹೊತ್ತು, ಬೆರಳು, ನಕ್ಷೆ ಯಾವುದೂ ನಡೆದೇ ಇಲ್ಲವೇನೋ ಎನ್ನುವ ಹಾಗೆ.

ಮುಲಾಮಿನ ಡಬ್ಬಿ ಕಿಟಕಿಯ ಅಂಚಿನಲ್ಲಿ, ಯೋರುನ್‌ಳ ಮೊಣಕೈ ತಾಗುವಷ್ಟು ಹತ್ತಿರದಲ್ಲಿತ್ತು. ರಾಗ್ನಾ ಕಡೆಯ ಹನಿಯವರೆಗೆ ಹಾಲು ಹಿಂಡಿದಳು. ಹಸುವಿನ ತೊಡೆ ತಟ್ಟಿ ಎದ್ದಳು. ಆಮೇಲೆ ಹೇಳಿದಳು.

"ಬಿಸಿಲು."

"ಅಷ್ಟೇನಾ?"

"ಮತ್ತಿನ್ನೇನು? ಅಂಗಡೀಲಿ ಸಿಗೋದಲ್ಲ ಅಂತ ನಂಬಿಕೆ ಬರಲ್ವ? ದೋಣಿಮನೆ ಹಿಂದೆ ಬಂಡೆ ಐತಲ್ಲ, ಅಲ್ಲಿ ಮಲ್ಕೋ. ಮಧ್ಯಾಹ್ನದ ಬಿಸಿಲು. ಎಣ್ಣೆಗಿಣ್ಣೆ ಏನೂ ಬೇಡ, ಬಟ್ಟೇನೂ ಬೇಡ. ಬಿಸಿಲಲ್ಲಿ ಎಲ್ಲಾ ಒಂದೇ ಬಣ್ಣ ಆಗ್ತದೆ."

ಯೋರುನ್ ಅವಳ ಭುಜ ಹಿಡಿದು ಅದುಮಿದಳು. "ನೀನು ಒಳ್ಳೆಯವಳು ಕಣೆ," ಎಂದಳು. ರಾಗ್ನಾ ಹಾಲು ಸೋಸಲು ತಿರುಗಿದಳು.

ಆ ಜುಲೈ ತಿಂಗಳು ಮೋಡವಿಲ್ಲದೆ ಕಳೆಯಿತು. ಅಂಥ ಬಿಸಿಲನ್ನು ಹಳಬರೂ ಕಂಡಿರಲಿಲ್ಲ. ಅಸ್ಲಾಕ್ ಕೊಯ್ಯುವ ಯಂತ್ರ ನಡೆಸಿದ, ರಾಗ್ನಾ ಬಾಚಿದಳು, ಇಬ್ಬರೂ ಸೇರಿ ಗೂಟಗಳ ನಡುವೆ ಬಿಗಿದ ತಂತಿಗಳ ಮೇಲೆ ಹಸಿ ಹುಲ್ಲನ್ನು ಒಗೆದ ಬಟ್ಟೆಯ ಹಾಗೆ ಕೆಳಗಿನಿಂದ ಮೇಲಕ್ಕೆ ಹೊದಿಸುತ್ತ ಬಂದರು. ಮೇಲಿನ ಹೊಲದಿಂದ ಆ ಬಂಡೆ ಕಾಣುತ್ತಿತ್ತು. ದಿನವೂ ಮಧ್ಯಾಹ್ನ ಅದರ ಮೇಲೆ ಯೋರುನ್ ಮಲಗಿರುತ್ತಿದ್ದಳು, ಒಣಗಲು ಹರವಿದ ಮೀನಿನ ಹಾಗೆ. ರಾಗ್ನಾ ಕವೆಗೋಲಿಗೆ ಗದ್ದ ಊರಿ ಒಂದು ಕ್ಷಣ ನೋಡುತ್ತಿದ್ದಳು. ಆಮೇಲೆ ಅವಳ ಕೈಗೆ ಎರಡು ಆಳಿನ ಬಲ ಬರುತ್ತಿತ್ತು.

"ಏನೇ, ಇವತ್ತು ಹಾಡ್ಕೊಂಡು ಕೆಲಸ ಮಾಡ್ತಿದೀಯ?" ಎಂದು ಅಸ್ಲಾಕ್ ಒಂದು ದಿನ ಕೇಳಿದ.

"ಹುಲ್ಲು ಚೆನ್ನಾಗಿ ಒಣಗ್ತಾ ಐತೆ," ಎಂದಳು.

ನಡುವೆ ಒಮ್ಮೆ ಯೋರುನ್‌ಗೆ ಅನುಮಾನ ಬಂತು. ಆ ಮನೆಯಲ್ಲಿ ಕನ್ನಡಿ ಎಂದರೆ ಮುಖ ತೊಳೆಯುವ ತೊಟ್ಟಿಯ ಮೇಲೆ ಅಸ್ಲಾಕ್ ಗಡ್ಡ ಕೆರೆದುಕೊಳ್ಳಲು ತೂಗುಹಾಕಿದ್ದ ಅಂಗೈಯಗಲದ್ದು. ಹೊಟ್ಟೆಯನ್ನು ಅವಳು ಮೇಲಿನಿಂದ ಬಗ್ಗಿ ನೋಡಿಕೊಳ್ಳಬೇಕಿತ್ತು ಅಷ್ಟೇ. "ಗೆರೆ ಜಾಸ್ತಿ ಎದ್ದು ಕಾಣ್ತಿದೆಯೇನೋ ಅನ್ಸುತ್ತೆ ರಾಗ್ನಾ. ಉರಿಯುತ್ತೆ ಬೇರೆ," ಎಂದಳು.

ಅವಳ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು ಇತ್ತು, ಮಗು ಹೆಗಲ ಮೇಲೆ ಜೊಲ್ಲು ಸುರಿಸುತ್ತಿತ್ತು. ನಿಜ ಹೇಳಲು ಅದು ಸರಿಯಾದ ಹೊತ್ತು. ರಾಗ್ನಾಳ ನಾಲಿಗೆಯ ತುದಿಗೆ ಸೂಲಗಿತ್ತಿಯ ಮಾತು ಬಂದಿತ್ತು ಕೂಡ. ಅಷ್ಟರಲ್ಲಿ ಹೊರಗೆ ಮಕ್ಕಳ ಜಗಳ ಕೇಳಿಸಿತು. ಹಾಲ್ವೋರನ ಮೊಮ್ಮಗ ಬೇಲಿಯ ಆಚೆಯಿಂದ "ನಕ್ಷೆ ಮಕ್ಳು, ನಕ್ಷೆ ಮಕ್ಳು" ಎಂದು ರಾಗ ಎಳೆಯುತ್ತಿದ್ದ. ಅವಳಿ ಮಕ್ಕಳಲ್ಲಿ ಒಬ್ಬ ತಲೆ ತಗ್ಗಿಸಿ ಕಲ್ಲು ಒದೆಯುತ್ತ ಒಳಗೆ ಬಂದ.

"ಹೋಗೋ ಮುಂಚೆ ಹಂಗೇ ಕಣೆ," ಎಂದಳು ರಾಗ್ನಾ. "ಒಂದ್ಸಲ ಎದ್ದು ಕಂಡು ಆಮೇಲೆ ಕರಗ್ತದೆ. ಈಗ ಬಿಟ್ರೆ ಮಾಡಿದ್ದೆಲ್ಲ ದಂಡ."

ಕಡೆಯ ದಿನದ ಹುಲ್ಲಿಗೆ ಅಕ್ಕಪಕ್ಕದವರೆಲ್ಲ ಬರುವುದು ವಾಡಿಕೆ. ಕೆಳಗಿನ ದೊಡ್ಡ ಹೊಲ, ಸಂಜೆಗೆ ಹುಳಿಕೆನೆಯ ಗಂಜಿಯ ಊಟ. ಹಾಲ್ವೋರ್ ಬಂದ, ಅವನ ಹೆಂಡತಿ ಸೊಸೆಯರು ಬಂದರು. ಹೆಂಗಸರ ಬೆನ್ನುಗಳೆಲ್ಲ ಒಂದೇ ತರಹ ಮಿರಿಮಿರಿ ಕಂದು. ಯೋರುನ್ ನಿಲುವಂಗಿಯಲ್ಲೇ ಬಂದು ಬಾಚತೊಡಗಿದಳು. ಹತ್ತು ಗಂಟೆಗೇ ಬಿಸಿಲು ನೆತ್ತಿ ಸುಡುತ್ತಿತ್ತು.

"ಅದನ್ಯಾಕೆ ಹೊದ್ಕೊಂಡಿದೀಯ?" ಎಂದಳು ರಾಗ್ನಾ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಒಳಗೆ ಈಜುಡುಗೆ ಐತಲ್ಲ. ಬಿಚ್ಚು, ಇಂಥ ಬಿಸಿಲು ಇನ್ನು ಮುಂದಿನ ವರ್ಷಕ್ಕೇ."

"ಹೌದು ಬಿಚ್ಚೆ, ಪಟ್ಟಣದೋಳೇ," ಎಂದಳು ಹಾಲ್ವೋರನ ಸೊಸೆಯೊಬ್ಬಳು. "ನಮ್ಮ ಜೊತೆ ನೀನೂ ಒಂದಿಷ್ಟು ಬೇಯಿ."

ಯೋರುನ್ ರಾಗ್ನಾಳ ಮುಖ ನೋಡಿದಳು. ರಾಗ್ನಾ ಹೂಂ ಎಂದು ತಲೆಯಾಡಿಸಿದಳು. ಅವಳು ನಿಲುವಂಗಿಯನ್ನು ತಲೆಯ ಮೇಲಿನಿಂದ ತೆಗೆದಳು.

ಕಾಫಿಯ ಬಣ್ಣದ ಹೊಟ್ಟೆಯ ಮೇಲೆ ಗೆರೆಗಳು ಸೀಮೆಸುಣ್ಣದಲ್ಲಿ ಎಳೆದ ಹಾಗೆ ಇದ್ದವು. ನಡುನಡುವೆ ಕೆಲವು ಕಪ್ಪುನೇರಳೆಗೆ ತಿರುಗಿ ಬಿಗಿದುಕೊಂಡಿದ್ದವು. ಹೊಲದ ಆ ತುದಿಯಲ್ಲಿದ್ದವರಿಗೂ ಕಂಡಿತು. ಬಾಚುಗೋಲುಗಳು ನಿಂತವು. ರಾಗ್ನಾ ಹಾಲ್ವೋರ್ ಬಾಯಿ ತೆರೆಯುವುದನ್ನೇ ಕಾಯುತ್ತಿದ್ದಳು. ಮುದುಕ ಒಮ್ಮೆ ನೋಡಿದ, ಗಂಟಲು ಸರಿಮಾಡಿಕೊಂಡ, ಟೋಪಿ ಕೆಳಗೆಳೆದುಕೊಂಡು ಹುಲ್ಲಿನ ಕಡೆ ತಿರುಗಿದ. ವಯಸ್ಸು ಅವನ ನಾಲಿಗೆಗೆ ಕಡಿವಾಣ ಹಾಕಿತ್ತೋ, ಅಥವಾ ಊರಿನ ಮಗಳೆಂದು ಮರ್ಯಾದೆಯೋ. ಸೊಸೆಗೆ ಇಲ್ಲದ ಮರ್ಯಾದೆ ಮಗಳಿಗೆ. ರಾಗ್ನಾಳ ಎದೆಯಲ್ಲಿ ಕೆಂಡ ಬಿದ್ದ ಹಾಗಾಯಿತು.

"ಏನ್ ಹಾಲ್ವೋರ್, ಆ ಕಡೆ ಯಾಕೆ ತಿರುಗ್ತೀಯ?" ಎಂದಳು. "ನಿನ್ನ ದೋಣಿಗೆ ಹೊಸ ನಕ್ಷೆ ಬೇಕಿತ್ತಲ್ಲ. ಹಳೇದು ಮಾಸಿಹೋಯ್ತು. ಇಲ್ಲಿ ನೋಡು, ಹೊಸ ಅಚ್ಚು. ಒಂದೊಂದು ಬಂಡೇನೂ ಕಾಣ್ತದೆ. ಇದು ದೋಣಿಮನೆ. ಇದು ಇಗರ್ಜಿ ತಿರುವು."

ಬೆರಳಿಟ್ಟು ತೋರಿಸಿದಳು.

ಮೊದಲು ಹಾಲ್ವೋರನ ಆ ಸೊಸೆ ಪಕಪಕ ನಕ್ಕಳು, ಆಮೇಲೆ ಉಳಿದವರು. ಹಾಲ್ವೋರನ ಹೆಗಲು ಕುಣಿಯಿತು. ಯೋರುನ್ ನಿಂತಲ್ಲೇ ನಿಂತಿದ್ದಳು, ಬಾಯಿ ಅರ್ಧ ತೆರೆದು, ಏನೋ ಲೆಕ್ಕ ತಪ್ಪಿದವರ ಹಾಗೆ.

ರಾಗ್ನಾ ಅಷ್ಟಕ್ಕೆ ಬಿಡಲಿಲ್ಲ. ಕತ್ತಿನ ಗುಂಡಿಗೆ ಕೈ ಹಾಕಿದಳು. ಒಂದೊಂದೇ ಗುಂಡಿ ಬಿಚ್ಚಿ ಅಂಗಿಯನ್ನು ಹುಲ್ಲಿನ ತಂತಿಯ ಗೂಟಕ್ಕೆ ಸಿಕ್ಕಿಸಿದಳು. ಒಳಗೆ ಆ ಹಳೆಯ ಈಜುಡುಗೆ, ಅವಳಿ ಹುಟ್ಟಿದ ವರ್ಷದ್ದು. ಬಿಳಿ ಹೊಟ್ಟೆ, ನಯವಾದ ಹೊಟ್ಟೆ, ಗೆರೆಯೇ ಇಲ್ಲವೇನೋ ಎನ್ನುವಂಥ ಹೊಟ್ಟೆ. ಅಸ್ಲಾಕ್ ತಂತಿ ಬಿಗಿಯುವುದನ್ನು ಬಿಟ್ಟು ನೋಡಿದ.

"ಅಯ್ಯೋ, ನಕ್ಷೆ ಎಲ್ಲಿ ಹೋಯ್ತು?" ಎಂದ ಹಾಲ್ವೋರ್.

"ಮನೆ ಮಗಳಿಗೆ ಕೊಟ್ಟೆ," ಎಂದಳು ರಾಗ್ನಾ.

ಯೋರುನ್ ಮಗು ಅಳುತ್ತಿದೆ ಎಂದು ಮನೆಗೆ ಹೋದಳು. ಮಗು ಅಳುತ್ತಿರಲಿಲ್ಲ. ರಾಗ್ನಾ ಆ ದಿನವೆಲ್ಲ ಹಾಗೆಯೇ ಬಾಚಿದಳು. ಗಾಳಿ ಹೊಟ್ಟೆಗೆ ತಾಗುವುದೆಂದರೆ ಹೇಗಿರುತ್ತದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಊಟಕ್ಕೆ ಕೂರುವಾಗಲೂ ಅಂಗಿ ತೊಡಲಿಲ್ಲ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಕೊಲ್ಲಿಯ ಆಚೆಗೆ ವಾಲುವವರೆಗೆ ನೆರಳಿಗೆ ಹೋಗಲಿಲ್ಲ. ಎಲ್ಲ ತಿಳಿದವಳು ಅವಳು. ಅಷ್ಟು ವರ್ಷ ಕತ್ತಲಲ್ಲಿ ಇಟ್ಟ ಚರ್ಮ ಕೂಸಿನ ಚರ್ಮಕ್ಕೆ ಸಮ ಎನ್ನುವುದೊಂದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ನೆನಪಾದದ್ದು ಗಂಜಿ ಬಡಿಸುವಾಗ. ಬಗ್ಗಿದರೆ ಹೊಟ್ಟೆ ಬಿರಿಯುವಂತಾಯಿತು. ಬೆನ್ನಿಗೆ ಯಾರೋ ಕಾದ ಬಾಣಲೆ ಒತ್ತಿದ ಹಾಗೆ. ನೆರೆಯವರು ಎದ್ದುಹೋದ ಮೇಲೆ, ಹಸುಗಳಿಗೆ ಮೇವು ಹಾಕಿ ಬರುತ್ತೇನೆಂದು ಕೊಟ್ಟಿಗೆಗೆ ಹೋಗಿ ತಣ್ಣನೆಯ ಕಲ್ಲುಗೋಡೆಗೆ ಒರಗಿದಳು, ಚೀರಿ ಮುಂದಕ್ಕೆ ಬಂದಳು. ಸಂಜೆಯ ಓರೆ ಬಿಸಿಲು ಬಾಗಿಲಿನಿಂದ ಒಳಗೆ ಬಿದ್ದಿತ್ತು. ಬಗ್ಗಿ ನೋಡಿಕೊಂಡಳು. ಹೊಟ್ಟೆ ಸುಟ್ಟು ಕೆಂಪಗೆ ಊದಿತ್ತು. ಆ ಕೆಂಪಿನ ತುಂಬ, ಹೊಕ್ಕುಳಿನಿಂದ ತೊಡೆಯ ಸಂದಿಯವರೆಗೆ, ಬೆಳ್ಳಗೆ, ಕವಲುಕವಲಾಗಿ, ಒಂದೂ ಬಿಡದೆ ಎಲ್ಲ ಗೆರೆಗಳೂ ಎದ್ದು ನಿಂತಿದ್ದವು.

ಬಾಗಿಲಿನ ಬೆಳಕಿಗೆ ಅಡ್ಡವಾಗಿ ಯೋರುನ್ ನಿಂತಳು.

"ನಿನ್ನ ಹೊಟ್ಟೆ ಬಿಸಿಲೇ ಕಂಡಿರಲಿಲ್ಲ," ಎಂದಳು. ಅಳುವಾಗಲಿ ಸಿಟ್ಟಾಗಲಿ ದನಿಯಲ್ಲಿ ಇರಲಿಲ್ಲ. "ಅಂಗಿ ಬಿಚ್ಚಿದ ತಕ್ಷಣ ಗೊತ್ತಾಯ್ತು. ಅಲ್ಲಿತನಕ ನಂಬಿದ್ದೆ."

ರಾಗ್ನಾ ಬೆಳಕಿನಿಂದ ಪಕ್ಕಕ್ಕೆ ಸರಿದಳು.

"ಯಾಕೆ ಅಂತ ಗೊತ್ತಾಗದೆ ಅಮ್ಮನ್ನ ಕೇಳಿದೆ. ಆವಾಗ ಅಮ್ಮ ಹೇಳಿದ್ಲು. ಆ ನಕ್ಷೆ ಮಾತು ನಾನೇ ಆಡಿದ್ದಂತೆ. ನನಗೆ ನೆನಪೇ ಇರಲಿಲ್ಲ."

ಸುಟ್ಟ ಮೈಗಿಂತ ಅದು ಹೆಚ್ಚು ಉರಿಯಿತು. ಇಷ್ಟು ವರ್ಷ ಒಬ್ಬಳು ಹೊತ್ತದ್ದನ್ನು ಇನ್ನೊಬ್ಬಳು ಎತ್ತಿಯೇ ನೋಡಿರಲಿಲ್ಲ. "ನೆನಪಿಲ್ವ?" ಎಂದಳು ರಾಗ್ನಾ. "ಈಗ ನೆನಪಿರ್ತದೆ ಬಿಡು."

"ಇರುತ್ತೆ."

"ಆ ಕಿಟಕೀಲಿರೋ ಡಬ್ಬಿ ಕೊಡು. ಚರ್ಮ ಬಿಗೀತಾ ಐತೆ."

ಯೋರುನ್ ಹಳದಿ ಡಬ್ಬಿಯನ್ನು ಎತ್ತಿಕೊಂಡಳು. ಮುಚ್ಚಳ ತೆಗೆದು ಮೂಸಿದಳು, ಬೆರಳಿಟ್ಟು ನೋಡಿದಳು. ತಳದಲ್ಲಿ ಸ್ವಲ್ಪವೇ ಉಳಿದಿತ್ತು. "ಇದಾ?" ಎಂದಳು. "ಇಷ್ಟೇನಾ ನಿನ್ನ ಗುಟ್ಟು? ದನಕ್ಕೆ ಹಚ್ಚೋದು?"

ರಾಗ್ನಾ ಕೈ ಚಾಚಿದಳು. ಯೋರುನ್ ಕೊಡಲಿಲ್ಲ. ಹಾಲು ಕರೆಯುವ ಸ್ಟೂಲನ್ನು ಎಳೆದುಕೊಂಡು ಎದುರಿಗೇ ಕೂತು, ನಿಲುವಂಗಿಯನ್ನು ಎದೆಯವರೆಗೆ ಸುತ್ತಿ, ಡಬ್ಬಿಯ ಅಂಚನ್ನೆಲ್ಲ ಬಳಿದು ಬಳಿದು ಮುಲಾಮನ್ನು ತನ್ನ ಹೊಟ್ಟೆಗೆ ಸವರಿಕೊಳ್ಳತೊಡಗಿದಳು. ಅವಸರ ಮಾಡಲಿಲ್ಲ. ಒಂದು ಗೆರೆ ಮುಗಿಸಿ ಇನ್ನೊಂದು ಗೆರೆ. ಹಾಗೆ ಕಡೆಯ ಬೊಟ್ಟಿನವರೆಗೆ. ಆಮೇಲೆ ಬರಿದಾದ ಡಬ್ಬಿಗೆ ಮುಚ್ಚಳ ಹಾಕಿ, ಮೊದಲು ಇದ್ದ ಜಾಗದಲ್ಲೇ ಕಿಟಕಿಯ ಅಂಚಿಗೆ ಇಟ್ಟಳು.

"ನಾಳೆ ಬಂಡೆ ಮೇಲೆ ಮಲ್ಕೋ ರಾಗ್ನಾ," ಎಂದಳು ಏಳುತ್ತ. "ಬಿಸಿಲಲ್ಲಿ ಎಲ್ಲಾ ಒಂದೇ ಬಣ್ಣ ಆಗ್ತದೆ."

ಅವಳು ಹೋದ ಮೇಲೆ ರಾಗ್ನಾ ಹುಳಿಹಾಲಿನ ಕ್ಯಾನಿಗೆ ಬಟ್ಟೆ ಅದ್ದಿ ಹೊಟ್ಟೆಯ ಮೇಲೆ ಹಾಕಿಕೊಂಡಳು. ಬೆನ್ನಿಗೆ ಕೈ ಎಟಕಲಿಲ್ಲ. ಅಸ್ಲಾಕನನ್ನು ಕರೆಯೋಣವೆಂದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಯೋರುನ್ ಮನೆಯ ಕಡೆ ಹೋಗಿರಲಿಲ್ಲ. ಬಾಚಿ ಬರಿದಾದ ಹೊಲವನ್ನು ದಾಟಿ ಹುಲ್ಲು ಹೊದ್ದ ತಂತಿಗಳ ಹತ್ತಿರ ಹೋಗುತ್ತಿದ್ದಳು. ಗೂಟದ ಮೇಲೆ ರಾಗ್ನಾ ಬೆಳಿಗ್ಗೆ ಸಿಕ್ಕಿಸಿದ ಪಟ್ಟೆ ಅಂಗಿ ಇನ್ನೂ ಅಲ್ಲೇ ನೇತಾಡುತ್ತಿತ್ತು. ಯೋರುನ್ ಅದನ್ನು ತೆಗೆದಳು, ಹುಲ್ಲಿನ ಎಳೆಗಳನ್ನು ಕೊಡವಿದಳು. ನಿಲುವಂಗಿಯ ಮೇಲೆಯೇ ತೊಟ್ಟುಕೊಂಡು, ಬಿಸಿಲಿಗೆ ಬೆನ್ನು ಹಾಕಿ, ಕೆಳಗಿನಿಂದ ಕತ್ತಿನವರೆಗೆ ಒಂದೊಂದೇ ಗುಂಡಿ ಹಾಕಿಕೊಂಡಳು.

ಅದು ನನ್ನದು ಎಂದು ಕೂಗಲು ರಾಗ್ನಾ ಬಾಯಿ ತೆರೆದಳು. ಹುಳಿಹಾಲು ತೊಟ್ಟಿಕ್ಕುತ್ತ ಕಾಲ ಬೆರಳುಗಳ ಮೇಲೆ ಬೀಳುತ್ತಿತ್ತು.